ದಾವೆ ಇಲ್ಲದ ದೇಶದ ದವಾಖಾನೆ

ಶಿಗ್ಗಾಂವ

ಶಿಗ್ಗಾಂವದಲ್ಲಿ ಬಸ್ಸು ಹತ್ತಿ ನ್ಯೂಜಿಲೆಂಡಿಗೆ ಹೊರಟವರು ನಮ್ಮ ಕಡೆ ಬಹಳ ಮಂದಿ ಇರಲಿಕ್ಕಿಲ್ಲ. ನಾನು ಹಾಗೆ ಹೊರಟೆ. ನಮ್ಮೂರು ಹಿರೇಕೆರೂರು. ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಸೇವೆ ಮುಗಿಸಿದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಂಡ ಪರನಾಡೆಂದರೆ ಪಂಢರಪುರ, ಅದೂ ಡ್ಯೂಟಿಯ ಮೇಲೆ.

ಕಿರಿಯ ಮಗಳು ಸವಿತಾ ಆ ದೇಶದ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಅಕ್ಕ ರೇಣುಕಾ ಹೆರಿಗೆಯಲ್ಲಿ ತೀರಿಕೊಂಡಾಗ ಅವಳಿಗೆ ಬರಲಾಗಲಿಲ್ಲ. "ಅಪ್ಪಾ, ನೀನರ ಬಾ. ಅಕ್ಕನ ಸುದ್ದಿ ಫೋನಿನ್ಯಾಗ ಕೇಳಿ ಕೇಳಿ ಸಾಕಾಗೇತಿ. ನನ್ನ ಮುಂದ ಕುಂತು ಹೇಳು" ಎಂದು ಟಿಕೆಟ್ ಕಳಿಸಿದಳು. ನನ್ನ ಹೆಂಡತಿ ಗಿರಿಜಾ ಬರುವಂತಿರಲಿಲ್ಲ. ರೇಣುಕಾಳ ಕೂಸು ಅವಳ ಮಡಿಲಲ್ಲಿತ್ತು.

ವಿಮಾನ ಮುಂಬಯಿಯಿಂದ. ಮುಂಬಯಿ ಬಸ್ಸು ಹೆದ್ದಾರಿಯ ಮೇಲೆ ಶಿಗ್ಗಾಂವಕ್ಕೆ ಬರುತ್ತದೆ. ಅಳಿಯ ಈರಣ್ಣ ಸವಣೂರಿನಿಂದ ಬಂದು ನಿಂತಿದ್ದ. ರೇಣುಕಾ ಹೋದ ಮೇಲೆ ಅವನು ತನ್ನೂರು ಹಾನಗಲ್ಲಿನಲ್ಲಿ ಉಳಿಯಲಾರದೆ ಸವಣೂರಿನ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಒಂದು ಚೀಲದಲ್ಲಿ ಕುರುಕಲು ತಿನ್ನುವ ಸವಣೂರು ಖಾರ, ಇನ್ನೊಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ತಂದಿದ್ದ.

"ಮಾವಾರ, ಎಲಿ ಒಣಗಗೊಡಬ್ಯಾಡ್ರಿ. ದಾರ್ಯಾಗ ನೀರು ಚಿಮುಕಿಸ್ರಿ."

"ಇಮಾನದಾಗ ನೀರು ಚಿಮುಕಿಸಿದ್ರ ಇಳಿಸಿಬಿಡ್ತಾರೋ ಏನೋ."

ಈರಣ್ಣ ನಗಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು, "ಹಿರಿಯಾರಿಗೆ ಏನ್ ಹೇಳ್ತೀರಿ?" ಎಂದು ಕೇಳಿದ. "ನೋಡಿ ಬಂದು ಹೇಳ್ತೇನಿ" ಎಂದೆ.

ಶಿಗ್ಗಾಂವ ದಾಟಿ ತಡಸದ ಕಡೆ ಹೋಗುವ ಆ ಹೆದ್ದಾರಿಯಲ್ಲಿಯೇ, ಹಾನಗಲ್ಲಿನಿಂದ ಹುಬ್ಬಳ್ಳಿಗೆ ಒಯ್ಯುತ್ತಿದ್ದಾಗ, ನನ್ನ ಮಗಳು ಗಾಡಿಯಲ್ಲೇ ಹೋದಳು. ಎಷ್ಟೋ ವರ್ಷ ಆ ರಸ್ತೆಯಲ್ಲಿ ಟಿಕೆಟ್ ಹರಿದವನು ನಾನು. ಈ ಸಲ ಕಣ್ಣು ಮುಚ್ಚಿಕೊಂಡೆ. ಆದರೂ ಬಸ್ಸಿನ ತೂಗಾಟದಲ್ಲಿಯೇ ಎಲ್ಲಿದ್ದೇವೆಂದು ಗೊತ್ತಾಗುತ್ತಿತ್ತು.

ಹಾನಗಲ್ಲಿನ ಮಾತು

ಹಿರಿಯರಿಗೆ ಏನು ಹೇಳಬೇಕಾಗಿತ್ತು ಎಂಬುದನ್ನು ಬರೆಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ರೇಣುಕಾಳ ಹೆರಿಗೆ ಹಾನಗಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ಆಯಿತು. ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಬಹಳ ಹೊತ್ತು ನಮ್ಮನ್ನು ಹೊರಗೆ ಕೂಡಿಸಿ, ಆಮೇಲೆ ಅವಸರದಲ್ಲಿ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಒಳಗೆ ಆ ಹೊತ್ತಿನಲ್ಲಿ ಏನಾಯಿತು ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಬಾಯಿ ಬಿಡಿಸಲು ಬೇರೆ ದಾರಿ ಕಾಣದೆ ಈರಣ್ಣನೂ ನಾನೂ ಹಾವೇರಿಯ ಗ್ರಾಹಕರ ಆಯೋಗದಲ್ಲಿ ದಾವೆ ಹಾಕಿದೆವು. ಡಾಕ್ಟರಿಗೆ ನೋಟಿಸು ಹೋಯಿತು. ಸ್ವಲ್ಪ ದಿನಕ್ಕೆ ಅವರು ದವಾಖಾನೆ ಮುಚ್ಚಿ ಹುಬ್ಬಳ್ಳಿಗೆ ಹೋದರು.

ಊರು ನಮ್ಮ ಕಡೆ ತಿರುಗಿ ನೋಡಿದ್ದು ಆಗ. ದಾವೆ ಹಾಕಿದರೆ ಡಾಕ್ಟರನ್ನು ಜೇಲಿಗೆ ಹಾಕುತ್ತಾರೆ, ಅವರ ಸರ್ಟಿಫಿಕೇಟು ಕಸಿದುಕೊಳ್ಳುತ್ತಾರೆ, ಅದಕ್ಕೇ ಅಂಜಿ ಓಡಿದರು ಎಂದು ಕಟ್ಟೆ ಕಟ್ಟೆಯ ಮೇಲೆ ಮಾತು. ಆಯೋಗಕ್ಕೆ ಜೇಲಿಗೆ ಹಾಕುವ ಕೆಲಸವೇ ಇಲ್ಲ, ತಪ್ಪು ಕಂಡರೆ ಪರಿಹಾರ ಕೊಡಿಸುತ್ತದೆ ಅಷ್ಟೇ ಎಂದು ನಮ್ಮ ವಕೀಲರು ಹೇಳಿದ್ದನ್ನು ನಾನು ನಾಲ್ಕು ಮಂದಿಗೆ ಹೇಳಿದೆ. ನಾಲ್ವರೂ ತಲೆಯಾಡಿಸಿ, ಮರುದಿನ ಜೇಲಿನ ಮಾತನ್ನೇ ಆಡಿದರು.

ಹೊರಡುವ ಹಿಂದಿನ ವಾರ ಈರಣ್ಣನ ಓಣಿಯ ಹಿರಿಯರಾದ ಮಲ್ಲನಗೌಡರು ನನ್ನನ್ನು ಹಾನಗಲ್ಲಿಗೆ ಕರೆಸಿದರು. ಮುಂದೆ ತಾಟಿನಲ್ಲಿ ಎಲೆ ಅಡಿಕೆ. ನಮ್ಮ ಕಡೆ ಹಿರಿಯರು ರಾಜಿ ಮಾಡಿಸುವಾಗ ಹೀಗೆ ಮುಂದೆ ಇಡುತ್ತಾರೆ. ಕೈಯಲ್ಲಿ ಎತ್ತಿಕೊಂಡರೆ ಒಪ್ಪಿದಂತೆ. ಆಮೇಲೆ ಹಿಂದೆ ಸರಿದರೆ ಮನೆತನದ ಮಾತು ಹೋದಂತೆ.

"ಶಂಕ್ರಪ್ಪಾರ, ನಿಮ್ಮ ದುಃಖ ನಮಗ ಗೊತ್ತಿಲ್ಲಂತ ಅಲ್ಲರಿ," ಎಂದರು ಗೌಡರು. "ಆದ್ರ ನಮ್ಮ ಮನ್ಯಾಗೂ ಸೊಸಿ ಬಸುರಿ ಅದಾಳ. ಕೇಸ್ ತಗೀರಿ. ಡಾಕ್ಟರ್ ಬರ್ತಾರ."

ಪಕ್ಕದಲ್ಲಿ ಕುಳಿತಿದ್ದ ಅವರ ತಮ್ಮ ಬಸನಗೌಡ ಮೊಬೈಲು ಹಿಡಿದು ಅಂದ: "ನಿಮ್ಮ ಸವಿತಾ ಇರೂ ದೇಶದಾಗ ಡಾಕ್ಟರ್ ಮ್ಯಾಲೆ ದಾವೆ ಹಾಕೂಹಂಗ ಇಲ್ಲಂತ್ರಿ. ಇದರಾಗ ಬಂದೈತಿ. ಅದಕ್ಕ ನಮ್ಮ ಡಾಕ್ಟರ್ ಎಲ್ಲಾ ಅತ್ತಾಗ ಹಾರ್ತಾರ. ಹೆಂಗೂ ಹೊಂಟೀರಿ, ಹಳ್ಳಿಗೊಬ್ಬ ಡಾಕ್ಟರ್ ಅದಾನೋ ಇಲ್ಲೋ ನೋಡಿ ಬರ್ರಿ."

ನಾನು ಎಲೆ ಎತ್ತಲಿಲ್ಲ. ನೋಡಿ ಬಂದು ಹೇಳುತ್ತೇನೆ ಎಂದೆ. ಗೌಡರು ಒಪ್ಪಿದರು.

ವಿಮಾನ ಇಳಿದಲ್ಲಿ

ಆ ದೇಶದವರಿಗೆ ಮನುಷ್ಯರಿಗಿಂತ ಹೆಚ್ಚು ಅಂಜಿಕೆ ಸೊಪ್ಪಿನದು. ಹೊರಗಿನಿಂದ ಬಂದ ಎಲೆಯಲ್ಲಿ ಹುಳವಿದ್ದರೆ ತಮ್ಮ ಹೊಲ ತೋಟ ಹಾಳಾಗುತ್ತವೆ ಎಂದು ಎಲ್ಲ ಚೀಲ ತಪಾಸಣೆ ಮಾಡುತ್ತಾರೆ. ಪಕ್ಕದ ಸೀಟಿನ ಗುಜರಾತಿ ಹೆಣ್ಣುಮಗಳು, ತಿನ್ನುವ ಸಾಮಾನು ಏನಿದ್ದರೂ ಬಾಯಿಬಿಟ್ಟು ಹೇಳಿಬಿಡಿ ಎಂದು ಹಿಂದಿಯಲ್ಲಿ ತಿಳಿಸಿಕೊಟ್ಟಿದ್ದಳು. ಅದಕ್ಕೆ ನಾನೇ ಮುಂದಾಗಿ ಎರಡೂ ಚೀಲ ಮೇಜಿನ ಮೇಲಿಟ್ಟೆ.

ಅಧಿಕಾರಿ ಖಾರದ ಪೊಟ್ಟಣ ಮೂಸಿ ನೋಡಿ ಜೋರಾಗಿ ಸೀನಿದ. ಅದನ್ನು ಬಿಟ್ಟ. ಎಲೆಯ ಗಂಟು ಬಿಚ್ಚಿ, ಇದೇನು ಎಂದು ಕೈಸನ್ನೆಯಲ್ಲಿ ಕೇಳಿದ. ನಾನು ಒಂದು ಎಲೆ ಎತ್ತಿ, ಸುಣ್ಣ ಸವರಿದಂತೆ ಮಾಡಿ, ಮಡಚಿ ಬಾಯಿಗಿಡುವುದನ್ನು ತೋರಿಸಿದೆ. ಅವನು ಬಹಳ ಮರ್ಯಾದೆಯಿಂದ ನನ್ನ ಕೈಯಿಂದ ಆ ಎಲೆಯನ್ನೂ ತೆಗೆದುಕೊಂಡು ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿದ. ಶಿಗ್ಗಾಂವದಿಂದ ನೀರು ಚಿಮುಕಿಸುತ್ತ ತಂದಿದ್ದೆ.

ಹೊರಗೆ ಸವಿತಾ ನಿಂತಿದ್ದಳು. ಅಪ್ಪಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಎಷ್ಟ ಸೊರಗೀಯಪ್ಪಾ" ಎಂದಳು. ಅವಳೂ ಸೊರಗಿದ್ದಳು.

ಸವಿತಾಳ ಊರು

ಅವಳಿರುವುದು ದಕ್ಷಿಣದ ದ್ವೀಪದ ಒಂದು ಸಣ್ಣ ಊರು. ಸುತ್ತ ಹುಲ್ಲುಗಾವಲು, ದನ, ಕುರಿ, ದೂರಕ್ಕೆ ಬಿಳಿ ತಲೆಯ ಗುಡ್ಡ. ನಮ್ಮ ಹಿರೇಕೆರೂರಿನ ಸಂತೆಯ ದಿನ ಒಂದು ಮೂಲೆಯಲ್ಲಿ ಸೇರುವಷ್ಟು ಮಂದಿ ಆ ಇಡೀ ಊರಿನಲ್ಲಿಲ್ಲ. ಯಾರೂ ಕಟ್ಟೆಗೆ ಕೂಡುವುದಿಲ್ಲ, ಕಟ್ಟೆಯೂ ಇಲ್ಲ. ಹಗಲಿನಲ್ಲಿ ಬಾಗಿಲು ಮುಚ್ಚಿದ್ದರೆ ನಮ್ಮಲ್ಲಿ ಏನೋ ಆಗಿದೆ ಎಂದು ಬಂದು ಕೇಳುತ್ತಾರೆ. ಅಲ್ಲಿ ತೆರೆದಿದ್ದರೆ ಕೇಳುತ್ತಾರಂತೆ.

ಒಂದು ದಿನ ಪಟ್ಟಣಕ್ಕೆ ಬಸ್ಸಿನಲ್ಲಿ ಹೋದೆವು. ಇಳಿಯುವವರೆಲ್ಲ ಡ್ರೈವರನಿಗೆ ಧನ್ಯವಾದ ಹೇಳಿ ಇಳಿದರು, ಸಾಲಿ ಹುಡುಗರು ಸಹ. ನನಗೆ ಆಶ್ಚರ್ಯ. ನನ್ನ ಸೇವೆಯಲ್ಲಿ ಚಿಲ್ಲರೆಗಾಗಿ ನನ್ನ ಅಪ್ಪ ಅಜ್ಜನನ್ನು ನೆನೆದವರು ಬಹಳ, ಧನ್ಯವಾದ ಅಂದವರನ್ನು ನೆನಪು ಮಾಡಿಕೊಳ್ಳಬೇಕು. ನಾನೂ ಇಳಿಯುವಾಗ ಕೈ ಮುಗಿದೆ. ಡ್ರೈವರನೂ ಸ್ಟೇರಿಂಗು ಬಿಟ್ಟು ಕೈ ಮುಗಿದ.

ಸಂಜೆ ಹೊತ್ತು ಸವಿತಾ ಅಕ್ಕನ ಸುದ್ದಿ ಕೇಳುತ್ತಿದ್ದಳು. ಅವಳು ನರ್ಸ್, ಕೇಳುವ ರೀತಿಯೇ ಬೇರೆ. ನಾಡಿ ಎಷ್ಟಿತ್ತು, ಯಾವ ಇಂಜೆಕ್ಷನ್ ಕೊಟ್ಟರು, ರಕ್ತ ಯಾವಾಗ ತರಿಸಿದರು. ನನಗೆ ಒಂದೂ ಗೊತ್ತಿರಲಿಲ್ಲ. "ಹೊರಗ ಬೆಂಚಿನ ಮ್ಯಾಲೆ ಇದ್ದೆ" ಎಂದು ಮಾತ್ರ ಹೇಳುತ್ತಿದ್ದೆ.

ಬೀಗ

ಆ ದೇಶದಲ್ಲಿ ದಾವೆ ಇಲ್ಲ ಎಂಬುದು ಸುಳ್ಳೇನಲ್ಲ. ಸವಿತಾ ಬಿಡಿಸಿ ಹೇಳಿದಳು. ಚಿಕಿತ್ಸೆಯಲ್ಲಿ ಯಾರಿಗಾದರೂ ಹಾನಿಯಾದರೆ ಸರ್ಕಾರದ ಒಂದು ನಿಧಿಯಿಂದ ಪರಿಹಾರ ಬರುತ್ತದೆ. ತಪ್ಪು ಯಾರದೆಂದು ಸಾಧಿಸಬೇಕಾಗಿಲ್ಲ. ಅದರ ಬದಲಿಗೆ, ಪರಿಹಾರ ಕೊಡಿ ಎಂದು ಡಾಕ್ಟರರನ್ನು ಕೋರ್ಟಿಗೆ ಎಳೆಯುವಂತಿಲ್ಲ. ದೂರು ಹೇಳಿಕೊಳ್ಳಲು ಬೇರೆ ಕಚೇರಿ ಇದೆ, ಅದು ವಿಚಾರಣೆ ಮಾಡುತ್ತದೆ.

ಬಸನಗೌಡ ಹೇಳಿದ್ದು ನಿಜವಾಗಿತ್ತು. ನನ್ನ ಎದೆ ಹಗುರಾದಂತೆ ಆಯಿತು. ಇಲ್ಲಿ ಹೇಳಿಬಿಡುತ್ತೇನೆ: ಉಳಿದದ್ದೂ ನಿಜವಿರಲಿ ಎಂದು ನಾನು ಆಸೆಪಡುತ್ತಿದ್ದೆ. ದಾವೆಗೆ ಅಂಜಿಯೇ ಡಾಕ್ಟರು ಹೋಗಿದ್ದರೆ, ದಾವೆ ತೆಗೆದರೆ ಬರುತ್ತಾರೆ. ರೇಣುಕಾಳ ಓಣಿಯ ಉಳಿದ ಹೆಣ್ಣುಮಕ್ಕಳಿಗಾದರೂ ಅದರಿಂದ ಉಪಯೋಗವಾಗುತ್ತದೆ. ನನ್ನ ಕೈಯಲ್ಲಿ ಒಂದು ಕೆಲಸವಾದರೂ ಉಳಿಯುತ್ತದೆ.

"ಹಂಗಾದ್ರ ನಿಮ್ಮೂರ ಡಾಕ್ಟರ್ ನ ನೋಡಬೇಕು ನಾ" ಎಂದೆ.

ಸವಿತಾ ಮರುದಿನ ಕರೆದುಕೊಂಡು ಹೋದಳು. ವಿಮಾನದ ಪ್ರಯಾಣದಿಂದ ನನ್ನ ಕಾಲು ಬಾತಿದ್ದವು, ನೆಪವೂ ಇತ್ತು. ದವಾಖಾನೆ ಚೆಂದ. ಮುಂದೆ ಹೂವಿನ ಮಡಿ, ಗಾಜಿನ ಬಾಗಿಲು. ಬಾಗಿಲಿಗೆ ಬೀಗ. ನಾನು ಎರಡು ಸಲ ದೂಡಿ ನೋಡಿದೆ.

"ದೂಡಬ್ಯಾಡಪ್ಪಾ, ಗಂಟಿ ಹೊಡಕೋತದ."

ಗಾಜಿಗೆ ಅಂಟಿಸಿದ್ದ ಚೀಟಿಯನ್ನು ಓದಿ ಹೇಳಿದಳು. ಡಾಕ್ಟರು ಬರುವುದು ಗುರುವಾರ. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಅವಸರವಿದ್ದರೆ ಪಟ್ಟಣದ ದವಾಖಾನೆಗೆ ಹೋಗಬೇಕು. ಊರ ಹೊರಗಿನ ರಸ್ತೆಯಲ್ಲಿ ಒಂದು ದೊಡ್ಡ ಫಲಕ ನೋಡಿದ್ದೆ. ಅದರ ಮೇಲೆ ಹಿಮದ ಗುಡ್ಡ, ನಗುವ ಮಕ್ಕಳು. ಹೋಟೆಲಿನ ಜಾಹೀರಾತು ಅಂದುಕೊಂಡಿದ್ದೆ. ಊರಿನವರೇ ವಂತಿಗೆ ಹಾಕಿ ನಿಲ್ಲಿಸಿದ್ದಂತೆ. ಅದರಲ್ಲಿ ಬರೆದದ್ದು: ನಮಗೆ ಡಾಕ್ಟರು ಬೇಕು, ಬನ್ನಿ.

"ಇಲ್ಲಿ ದಾವೆ ಇಲ್ಲ ಅಂದಿ?"

"ಇಲ್ಲ."

"ಮತ್ತ ಡಾಕ್ಟರ್ ಯಾಕಿಲ್ಲ?"

"ಅದನ್ನ ನನ್ನ ಕೇಳಿದ್ರ? ನಾ ಡಾಕ್ಟರ್ ಏನು?" ಎಂದು ರೇಗಿದಳು. ಆಮೇಲೆ ನನ್ನ ತೋಳು ಹಿಡಿದು, "ನಡಿ, ಜೋನ್ ಅಜ್ಜೀನ ಕೇಳು. ಆಕಿಗೆ ಎಲ್ಲಾ ಗೊತ್ತದ" ಎಂದಳು.

ಜೋನ್ ಅಜ್ಜಿಯ ಮೇಜು

ಜೋನ್ ಅಜ್ಜಿ ಪಕ್ಕದ ಮನೆಯವರು. ದನ ಕಟ್ಟಿ ಬದುಕಿದವರು, ಕೈ ನಮ್ಮ ಹೊಲದ ಹೆಣ್ಣುಮಕ್ಕಳ ಕೈಯ ಹಾಗೆಯೇ. ಅಲ್ಲಿ ಹೇಳದೆ ಯಾರ ಮನೆಗೂ ಹೋಗುವಂತಿಲ್ಲ, ಸವಿತಾ ಮೊದಲೇ ಫೋನು ಮಾಡಿದ್ದಳು. ನಾನು ಸವಣೂರು ಖಾರ ಒಯ್ದೆ. ಅಜ್ಜಿ ಒಂದು ಮುಕ್ಕು ಹಾಕಿಕೊಂಡು ಕೆಮ್ಮಿ, ಕಣ್ಣೀರು ಸುರಿಸಿ, ಏನೋ ಅಂದರು.

"ಏನಂದ್ರು?"

"ನಿಮ್ಮೂರಾಗ ಇದನ್ನ ಮಂದಿಗೆ ತಿನ್ನಸ್ತಾರೋ, ಕಳ್ಳರಿಗೆ ತಿನ್ನಸ್ತಾರೋ ಅಂತ ಕೇಳಾಕತ್ತಾರ."

ಅಂದ ಮೇಲೆ ಇನ್ನೊಂದು ಮುಕ್ಕು ತಿಂದರು.

ಅವರ ಗಂಡನಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಕರುಳಿಗೆ ಗಾಯವಾಗಿದ್ದು ಯಾರಿಗೂ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ನೋವು ಎದ್ದಿತು. ಊರಲ್ಲಿ ಆ ದಿನ ಡಾಕ್ಟರಿಲ್ಲ. ಅಜ್ಜಿಯೇ ಕಾರು ನಡೆಸಿಕೊಂಡು ಹೊರಟರು. ಗಂಡ ದಾರಿಯಲ್ಲೇ ಹೋದರು.

ಸವಿತಾ ಇದನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ನಡುವೆ ನಿಂತಳು. ನಾನೂ ಅಜ್ಜಿಯೂ ಮೇಜನ್ನು ನೋಡುತ್ತ ಕುಳಿತೆವು.

"ಯಾರ ಮ್ಯಾಲೂ ದಾವೆ ಹಾಕಲಿಲ್ಲೇನು ಕೇಳು."

ಇಲ್ಲ ಅಂದರು ಅಜ್ಜಿ. ಪರಿಹಾರ ಬಂತು. ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು ಬಂದು, ಇದೇ ಮೇಜಿಗೆ ಕುಳಿತು, ಒಳಗೆ ಏನಾಯಿತು, ಎಲ್ಲಿ ತಪ್ಪಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿ, ತಪ್ಪಾಯಿತು ಅಂದಳಂತೆ. ನನಗೆ ಹೊಟ್ಟೆಕಿಚ್ಚಾಯಿತು. ಸತ್ತವರ ಮನೆಯಲ್ಲಿ ಕುಳಿತು ಹೊಟ್ಟೆಕಿಚ್ಚು ಪಡುವುದು ಒಳ್ಳೆಯದಲ್ಲ, ಆದರೂ ಆಯಿತು.

ಊರಲ್ಲೇ ಇದ್ದ ಕೊನೆಯ ಡಾಕ್ಟರ್ ಯಾಕೆ ಹೋದರು ಎಂದು ಸವಿತಾಳಿಂದ ಕೇಳಿಸಿದೆ. ಅಜ್ಜಿ ಚಹಾ ಬಗ್ಗಿಸುತ್ತ ಹೇಳಿದರು, ಸವಿತಾ ನನಗೆ ಹೇಳಿದಳು: "ಒಳ್ಳೆ ಮನಿಶಾ ಅಂತ. ಹೆಂಡ್ತಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಮಕ್ಕಳಿಗೆ ದೊಡ್ಡ ಸಾಲಿ ಇಲ್ಲ. ರಾತ್ರಿ ಹಗಲು ಫೋನ್ ಇವಗ ಒಬ್ಬಗ. ರಜಾ ಬೇಕಂದ್ರ ಬದಲಿ ಇಲ್ಲ. ಒಮ್ಮೆ ಅಂಗಡ್ಯಾಗ ಹಾಲು ತಗೋಳಾಕ ನಿಂತಾಗ ಅತ್ತುಬಿಟ್ಟ. ಆ ಮ್ಯಾಲೆ ಪಟ್ಟಣಕ್ಕ ಹೋದ."

"ದಾವೆಗೆ ಅಂಜಿ ಅಲ್ಲ?"

ಸವಿತಾ ಕೇಳಿದಾಗ ಅಜ್ಜಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಯಾವ ದಾವೆ ಎಂದು ತಿರುಗಿ ಕೇಳಿದರು.

ಮನೆಗೆ ಬಂದು ಹಾಸಿಗೆಯ ತುದಿಗೆ ಕುಳಿತೆ. ಸವಿತಾ ಬಾಗಿಲಲ್ಲಿ ನಿಂತು, "ಛಲೋ ಆತಲ್ಲಪ್ಪಾ," ಎಂದಳು. "ನಿಮ್ಮ ಕೇಸಿನಿಂದ ಡಾಕ್ಟರ್ ಹೋಗಿಲ್ಲ. ಊರು ಸುಳ್ಳ ಬಯ್ಯಾಕತ್ತದ. ಹೋಗಿ ಹೇಳು."

ಅವಳು ನನ್ನ ಸಮಾಧಾನಕ್ಕೆ ಹೇಳಿದಳು. ನನಗೆ ಅದರಲ್ಲಿ ಸಮಾಧಾನ ಸಿಗಲಿಲ್ಲ. ದಾವೆಯನ್ನು ಹಾಕಿದ್ದು ನಾನು, ಬೇಕೆಂದರೆ ತೆಗೆಯಬಹುದಿತ್ತು. ಹೆಂಡತಿಯ ಕೆಲಸ, ಮಕ್ಕಳ ಸಾಲಿ, ಬದಲಿ ಡಾಕ್ಟರ್, ಇವನ್ನು ನಾನು ಎಲ್ಲಿಂದ ತರಲಿ? ಆ ಸಿರಿವಂತ ದೇಶಕ್ಕೇ ತರಲಾಗಿಲ್ಲ.

ಉಳಿದ ದಿನಗಳಲ್ಲಿ ಸವಿತಾ ಸಮುದ್ರ ತೋರಿಸಿದಳು, ಗುಡ್ಡ ತೋರಿಸಿದಳು. ಚೆಂದವಿದ್ದವು. ಅವುಗಳ ಬಗ್ಗೆ ಬರೆಯಲು ನನಗೆ ಆಗುತ್ತಿಲ್ಲ, ಓದುವವರು ಕ್ಷಮಿಸಬೇಕು.

ತಿರುಗಿ ಹಾನಗಲ್ಲು

ಮೊದಲು ಹಿರೇಕೆರೂರಿಗೆ ಹೋದೆ. ಕೂಸು ನನ್ನನ್ನು ಮರೆತು ಗಿರಿಜಾಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಮರುದಿನ ಹಾನಗಲ್ಲು. ಗೌಡರ ಪಡಸಾಲೆಯಲ್ಲಿ ಅದೇ ಮಂದಿ, ಹೊಸ ಎಲೆ. ಈರಣ್ಣನೂ ಬಂದಿದ್ದ.

ಕಂಡದ್ದನ್ನು ಹೇಳಿದೆ. ಬೀಗದ ಸುದ್ದಿ ಬಂದಾಗ ಬಸನಗೌಡ ನಕ್ಕ. "ನೀವು ಸೂಟಿ ದಿನ ಹೋಗಿರಬೇಕ್ರಿ."

"ಗುರುವಾರ ಬಿಟ್ಟು ಎಲ್ಲಾ ಸೂಟಿನ ಅಲ್ಲಿ."

"ಕೇಸ್ ತಗೀಬಾರದಂತ ಕತಿ ಕಟಗೊಂಡ ಬಂದಾರ ನೋಡ್ರಿ" ಎಂದು ಯಾರೋ ಹಿಂದಿನಿಂದ ಅಂದರು.

ಈರಣ್ಣ ಎದ್ದು ನಿಂತ. ನಾನು ಅವನ ಅಂಗಿ ಹಿಡಿದು ಕೂಡಿಸಿ, ಗೌಡರಿಗೆ ಹೇಳಿದೆ: "ಡಾಕ್ಟರ್ ಗ ಫೋನ್ ಹಚ್ಚರಿ. ಕೇಸ್ ತಗದ್ರ ಬರ್ತೇನಿ ಅಂತ ಅವರ ಬಾಯಿಂದ ಅನಸ್ರಿ. ಇದೀಗ ಎಲಿ ಹಿಡಿತೇನಿ."

ಗೌಡರು ಹಚ್ಚಿದರು. ಎಲ್ಲರಿಗೂ ಕೇಳುವಂತೆ ಮೊಬೈಲನ್ನು ತಾಟಿನ ಪಕ್ಕಕ್ಕೆ ಇಟ್ಟರು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಾತಾಡಿದರು.

"ಗೌಡ್ರ, ಕೇಸ್ ಹಾಕಿದ್ದಕ್ಕ ನನಗ ಭಾಳ ಬ್ಯಾಸರ ಆತು, ಖರೆ. ತಗದ್ರ ನನಗ ಛಲೋನ. ಆದ್ರ ಬರ್ತೇನಿ ಅಂತ ಸುಳ್ಳ ಹೇಳೂದಿಲ್ಲ. ಹುಬ್ಬಳ್ಯಾಗ ಜಾಗಾ ನಾ ನೋಟಿಸ್ ಬರೂಕಿಂತ ಮೊದಲ ಹಿಡದಿದ್ದೆ. ಕೇಸಿಗೆ ಅಂಜಿ ಇಲ್ಲಿಗೆ ಯಾಕ ಬರ್ಲಿ? ಇಲ್ಲೂ ಅದ ಕಾನೂನು, ಇಲ್ಲೂ ಕೇಸ್ ಹಾಕ್ತಾರ. ಅಲ್ಲಿ ಅರಿವಳಿಕಿ ಕೊಡೂ ಡಾಕ್ಟರ್ ಹಾವೇರಿಯಿಂದ ಬರೂತನಕ ನಾ ಬಾಗಿಲು ನೋಡ್ಕೋತ ನಿಂದರಬೇಕ್ರಿ. ರಕ್ತ ಬೇಕಂದ್ರ ಗಾಡಿ ಕಳಸಬೇಕು. ಒಬ್ಬನ ಎಷ್ಟಂತ ಮಾಡ್ಲಿ?"

ಗೌಡರು ನನ್ನ ಕಡೆ ನೋಡಿದರು. ನಾನು ಮೊಬೈಲಿನ ಹತ್ತಿರ ಬಾಗಿದೆ.

"ಡಾಕ್ಟರ್ ಸಾಹೇಬ್ರ, ನಾ ಶಂಕ್ರಪ್ಪ. ರೇಣುಕಾನ ಅಪ್ಪ. ಆ ದಿನಾನೂ ಹಂಗ ಆಗಿತ್ತೇನ್ರಿ? ಅರಿವಳಿಕಿಯವರು ಬಂದಿದ್ದಿಲ್ಲೇನ್ರಿ?"

ಆ ಕಡೆ ಉಸಿರು ಕೇಳುತ್ತಿತ್ತು.

"ಕೇಸ್ ನಡ್ಯಾಕತ್ತೇತ್ರಿ. ಅದರ ಬಗ್ಗೆ ಮಾತಾಡಬ್ಯಾಡ ಅಂದಾರ ನಮ್ಮ ವಕೀಲರು" ಎಂದರು. ಫೋನು ಇಟ್ಟರು.

ಬಸನಗೌಡ ತನ್ನ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಕೊನೆಗೆ ಮಲ್ಲನಗೌಡರು, "ಇನ್ನ ಕೇಸ್ ಇಟ್ಟರ ಇಡ್ರಿ, ಬಿಟ್ಟರ ಬಿಡ್ರಿ, ಶಂಕ್ರಪ್ಪಾರ. ನಮ್ದೇನಿಲ್ಲ" ಎಂದರು. ಇಷ್ಟು ದಿನ ಊರೆಲ್ಲ ಸೇರಿ ನನ್ನನ್ನು ಬೈದಿತ್ತು. ಆಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು.

ಗೌಡರ ಸೊಸೆ ಚಹಾ ತಂದಳು. ಶೋಭಾ ಎಂದು ಹೆಸರು. ರೇಣುಕಾಳಿಗಿಂತ ಸಣ್ಣವಳು, ಒಂದೇ ನಳದಲ್ಲಿ ನೀರು ತುಂಬುತ್ತಿದ್ದವರು. ಒಳಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಪ್ಪು ಕೊಟ್ಟು ಅಲ್ಲೇ ನಿಂತಳು.

"ಕಾಕಾರ, ನಿಮಗ ಹಾವೇರಿ ಎಲ್ಲಾ ಗೊತ್ತಲ್ರಿ. ದೊಡ್ಡ ದವಾಖಾನಿ ಹತ್ರ ಒಂದ ಖೋಲಿ ಬಾಡಿಗಿಗೆ ಸಿಗ್ತದೇನ್ರಿ?"

"ಏ, ಈಗ್ಯಾಕ ಅದು? ಇನ್ನೂ ಟೈಮ್ ಐತಿ" ಎಂದರು ಗೌಡರು. ಧ್ವನಿಯಲ್ಲಿ ಜೋರಿರಲಿಲ್ಲ.

ಅವಳು ಮಾವನ ಕಡೆ ನೋಡಲಿಲ್ಲ. ನನ್ನೆದುರಿಗೆ ನೆಲದ ಮೇಲೆ ಕೈಯೂರಿ ನಿಧಾನವಾಗಿ ಕುಳಿತಳು. "ರೇಣಕ್ಕಗ ಮೊದಲ ಏನಾತ್ರಿ? ಹೆಂಗ ಗೊತ್ತಾತು? ಎಷ್ಟೊತ್ತು ಕಾಯಿಸಿದ್ರು?"

ಆಯೋಗದಲ್ಲಿ ಇದನ್ನು ನನ್ನನ್ನು ಇನ್ನೂ ಯಾರೂ ಕೇಳಿಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ. ಬೆಳಗ್ಗೆ ಚೆನ್ನಾಗಿದ್ದಳು, ರೊಟ್ಟಿ ತಿಂದಳು. ಕೂಸು ಅತ್ತದ್ದು ಹೊರಗೆ ಕೇಳಿಸಿತು, ನಾವು ಪೇಢೆ ತರಿಸಿದೆವು. ಆಮೇಲೆ ನರ್ಸಮ್ಮ ಬಟ್ಟೆ ಕೊಡಿ ಅಂದಳು. ಇನ್ನೊಂದು ಸಲ ಬಟ್ಟೆ ಕೊಡಿ ಅಂದಳು. ಮೂರನೆಯ ಸಲ ಈರಣ್ಣ ತನ್ನ ಲುಂಗಿ ಕೊಟ್ಟ. ಗಾಡಿಯಲ್ಲಿ ರೇಣುಕಾ, ಅಪ್ಪಾ ಥಂಡಿ ಆಗಾಕತ್ತೇತಿ ಅಂದಳು. ಕಿಟಕಿ ಹಾಕಿದೆ. ಶಿಗ್ಗಾಂವ ದಾಟಿತ್ತು.

ಈರಣ್ಣ ಎದ್ದು ಹೊರಗೆ ಹೋದ. ಶೋಭಾ ಖಾಲಿ ಕಪ್ಪುಗಳನ್ನು ತಾಟಿಗೆ ಕೂಡಿಸಿದಳು.

"ಹಂಗಾದ್ರ ನಾ ನಾಳೀನ ಹೋಗ್ತೇನ್ರಿ," ಎಂದಳು. "ಖೋಲಿ ನೋಡ್ರಿ."

ಅವಳಿಗೆ ಆಗ ಆರು ತಿಂಗಳು.